ಸಿರಸಂಗಿ ಬಿಸಿಲಿಗೆ ಹರಳು ರೂಪ ಬದಲಿಸಿದರೆ?

ಏಪ್ರಿಲ್ ತಿಂಗಳು, ಮಧ್ಯಾಹ್ನ. ತ್ಯಾಗವೀರ ಲಿಂಗರಾಜ ದೇಸಾಯಿಯವರ ಊರು ಸಿರಸಂಗಿಯಲ್ಲಿ ಮನೆ ಮಾಳಿಗೆ ಮೇಲೊಂದು ಸೋಲಾರ್ ಪ್ಯಾನೆಲ್ ಇದೆ ಅಂದುಕೊಳ್ಳೋಣ. ಗಾಳಿಯ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್. ಪೂರ್ತಿ ಬಿಸಿಲಿದ್ದಾಗ ಪ್ಯಾನೆಲ್ ಗಾಳಿಗಿಂತ 25ರಿಂದ 30 ಡಿಗ್ರಿ ಹೆಚ್ಚು ಕಾಯುತ್ತದೆ. ಅಂದ್ರೆ 65ರ ಆಸುಪಾಸು. ಸಿಲಿಕಾನ್ ಪ್ಯಾನೆಲ್ ಇಷ್ಟು ಕಾದರೆ ಕರೆಂಟ್ ಉತ್ಪಾದನೆ ಸ್ವಲ್ಪ ಇಳೀತದೆ, ಅದರ ಹರಳಿನ ರಚನೆ ಮಾತ್ರ ಹಾಗೇ ಇರ್ತದೆ. ಆದರೆ ಅಲ್ಲಿ ಪೆರೋವ್‌ಸ್ಕೈಟ್ ಸೆಲ್ ಇದ್ದರೆ?

ಈ ಸೆಲ್‌ನ ಮೂಲ ವಸ್ತು ಮೀಥೈಲ್ ಅಮೋನಿಯಂ ಲೆಡ್ ಐಯೊಡೈಡ್. ಇದು ಸಾವಯವ ಮತ್ತು ನಿರವಯವ ಎರಡೂ ಸೇರಿದ ಹೈಬ್ರಿಡ್ ಹರಳು. ಸೀಸ ಮತ್ತು ಅಯೋಡಿನ್ ಸೇರಿ ಪಂಜರ ಕಟ್ಟುತ್ತವೆ; ಒಳಗೆ ಮೀಥೈಲ್ ಅಮೋನಿಯಂ ಎಂಬ ಸಾವಯವ ಅಯಾನು ಕೂತಿರುತ್ತದೆ. ಇದನ್ನು 1978ರಲ್ಲಿ ಜರ್ಮನಿಯ ಡೀಟರ್ ವೆಬರ್ ವರದಿ ಮಾಡಿದರು. ಅದೇ ವರ್ಷ ನಮ್ಮ ಸಿ.ಎನ್.ಆರ್. ರಾವ್ ಮತ್ತು ಕೆ.ಜೆ. ರಾವ್ ಘನವಸ್ತುಗಳ ಫೇಸ್ ಟ್ರಾನ್ಸಿಷನ್ ಕುರಿತ ಪುಸ್ತಕ ಹೊರತಂದರು.

ಫೇಸ್ ಟ್ರಾನ್ಸಿಷನ್ ಅಂದ್ರೆ ಕರಗೋದು, ಕುದಿಯೋದು ಅಷ್ಟೇ ಅಲ್ಲ. ಘನ ಘನವಾಗಿಯೇ ಉಳಿದು, ಒಳಗಿನ ಜೋಡಣೆ ಬದಲಾಗಬಹುದು. ಮೈನಸ್ 111 ಡಿಗ್ರಿಗಿಂತ ಕೆಳಗೆ ನಮ್ಮ ಸಾವಯವ ಅಯಾನು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ. ಅದಕ್ಕಿಂತ ಮೇಲೆ ಪಂಜರದೊಳಗೆ ತಿರುಗಾಡಲು ಶುರು ಮಾಡುತ್ತದೆ. ಸುಮಾರು 54 ಡಿಗ್ರಿ ದಾಟಿದರೆ ಪಂಜರದ ಓರೆಯೂ ಹೋಗಿ, ಹರಳು ಸರಾಸರಿಯಲ್ಲಿ ಘನಾಕಾರವಾಗುತ್ತದೆ. ನೋಡ್ರಿ, ಸಿರಸಂಗಿಯ ಮಾಳಿಗೆ ಮೇಲೆ ಈ ಬದಲಾವಣೆ ದಿನಕ್ಕೆ ಎರಡು ಸಲ: ಬೆಳಗ್ಗೆ ಕಾಯುವಾಗ ಒಮ್ಮೆ, ಸಂಜೆ ಆರುವಾಗ ಒಮ್ಮೆ.

ಇದರಿಂದ ಸೆಲ್ ಕೂಡಲೇ ಕೆಡೋದಿಲ್ಲ. ಎರಡೂ ರೂಪ ಕಪ್ಪಾಗಿವೆ, ಎರಡೂ ಬೆಳಕು ಹೀರುತ್ತವೆ. ನಿಜವಾದ ತೊಂದರೆ ಬೇರೆ. ಬಹಳ ಕಾಲ ಬಿಸಿ, ತೇವ ತಾಗಿದರೆ ಸಾವಯವ ಭಾಗ ಆವಿಯಾಗಿ ಹೋಗಿ, ಹಳದಿ ಲೆಡ್ ಐಯೊಡೈಡ್ ಉಳಿಯುತ್ತದೆ. ಹಾಗಾದರೆ ಬಿಸಿ ಹೆಚ್ಚು ತಾಳುವ ಫಾರ್ಮಮಿಡಿನಿಯಂ ಅಯಾನು ಹಾಕೋಣವೇ? ಅಲ್ಲಿಯೂ ತೊಡಕು. ಅದರ ಕಪ್ಪು ರೂಪ ತಾನಾಗಿ ನಿಲ್ಲೋದು ಸುಮಾರು 150 ಡಿಗ್ರಿಗಿಂತ ಮೇಲೆ. ಕೋಣೆಯ ಉಷ್ಣತೆಯಲ್ಲಿ ಅದು ನಿಧಾನವಾಗಿ ಕೆಲಸಕ್ಕೆ ಬಾರದ ಹಳದಿ ರೂಪಕ್ಕೆ ಜಾರುತ್ತದೆ. ಅದಕ್ಕೇ ಸೀಸಿಯಂನಂಥ ಅಯಾನನ್ನು ಸ್ವಲ್ಪ ಬೆರೆಸಿ ಕಪ್ಪು ರೂಪವನ್ನು ಹಿಡಿದಿಡುತ್ತಾರೆ. ಪಂಜರದೊಳಗೆ ಯಾರನ್ನು ಕೂರಿಸಬೇಕು ಅನ್ನೋದೇ ಇಲ್ಲಿನ ಎಂಜಿನಿಯರಿಂಗ್.

2009ರಲ್ಲಿ ಜಪಾನಿನ ಮಿಯಾಸಾಕಾ ತಂಡದ ಮೊದಲ ಸೆಲ್‌ನ ದಕ್ಷತೆ ಶೇ. 3.8. ಈಗ ಲ್ಯಾಬ್‌ಗಳಲ್ಲಿ ಶೇ. 26 ದಾಟಿದೆ. ಆದರೆ ದಕ್ಷತೆಯ ಆ ಅಂಕಿಯನ್ನು ಅಳೆಯೋದು 25 ಡಿಗ್ರಿಯಲ್ಲಿ. ಮಾಳಿಗೆಗೆ ಹೋಗುವ ಪ್ಯಾನೆಲ್ ಮೈನಸ್ 40ರಿಂದ 85 ಡಿಗ್ರಿವರೆಗೆ 200 ಸಲ ಏರಿಳಿಯಬೇಕು, 85 ಡಿಗ್ರಿ ಬಿಸಿ ಮತ್ತು ಶೇ. 85 ತೇವದಲ್ಲಿ 1000 ತಾಸು ತಾಳಬೇಕು. ಮೇಲಾಗಿ ಇದರಲ್ಲಿ ನೀರಿಗೆ ಕರಗಬಲ್ಲ ಸೀಸದ ಲವಣ ಇದೆ. ಗಾಜು ಒಡೆದು ಮಳೆ ನೀರು ಒಳಹೊಕ್ಕರೆ ಅದು ಎರೆ ಹೊಲಕ್ಕೆ ಹರಿಯಬಾರದು.

ಹಾಗಾಗಿ ಮುಂದಿನ ಸಲ 'ಹೊಸ ದಾಖಲೆ' ಅನ್ನುವ ಸುದ್ದಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆ ಎರಡು: ಎಷ್ಟು ಡಿಗ್ರಿಯಲ್ಲಿ? ಎಷ್ಟು ತಾಸು? ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರು ಇಲ್ಲಿಂದಲೇ ಶುರು ಮಾಡಬಹುದು. ನಮ್ಮ ಭಾಗದಲ್ಲಿ ಬಿಸಿಲಿಗಂತೂ ಬರವಿಲ್ಲ.