ಗೋಡೆಯ ಬೂಷ್ಟಿಗೆ ಬಣ್ಣ ಮದ್ದಲ್ಲ

ದಸರೆಗೆ ಮುನ್ನ ಮನೆಗೆ ಸುಣ್ಣಬಣ್ಣ ಮಾಡಿಸುವುದು ಮೈಸೂರಿಗರ ಹಳೆಯ ವಾಡಿಕೆ. ಮುಂಗಾರಿನಲ್ಲಿ ನೆನೆದ ಗೋಡೆಯ ಕಪ್ಪು, ಹಸಿರು ಕಲೆಗಳು ಹಬ್ಬದ ವೇಳೆಗೆ ಮರೆಯಾಗುತ್ತವೆ. ಹಿಂಗಾರು ಮುಗಿದು, ಚಳಿಗೆ ಕಿಟಕಿ ಮುಚ್ಚಿ ಮಲಗುವ ದಿನಗಳಲ್ಲಿ ಅದೇ ಜಾಗದ ಬಣ್ಣ ಉಬ್ಬಿ, ಬೂಷ್ಟು ಮತ್ತೆ ಕಾಣಿಸಿಕೊಳ್ಳುತ್ತದೆ. ಮನೆಯ ಮಗುವಿನ ಕೆಮ್ಮಾದರೋ ನಡುವೆ ಎಲ್ಲಿಯೂ ನಿಂತಿರುವುದಿಲ್ಲ.

ಬೂಷ್ಟು ಒಂದು ಶಿಲೀಂಧ್ರ. ಅದರ ಸೂಕ್ಷ್ಮ ಬೀಜಕಗಳು ಗಾಳಿಯಲ್ಲಿ ಸದಾ ಇರುತ್ತವೆ. ತೇವ ದೊರೆತರೆ ಒಂದೆರಡು ದಿನಗಳಲ್ಲಿಯೇ ಬೆಳೆಯತೊಡಗುತ್ತವೆ. ಇವು ಉಸಿರಿನೊಡನೆ ಒಳಸೇರಿದಾಗ ಸೀನು, ಕಣ್ಣುರಿ, ಒಣಕೆಮ್ಮು ಉಂಟಾಗಬಹುದು. ಉಬ್ಬಸವಿದ್ದವರಿಗೆ ಅದು ಉಲ್ಬಣಿಸುತ್ತದೆ. ತೇವ ಹಾಗೂ ಬೂಷ್ಟು ಹಿಡಿದ ಮನೆಗಳ ನಿವಾಸಿಗಳಲ್ಲಿ ಶ್ವಾಸಕೋಶದ ಸೋಂಕು ಮತ್ತು ಉಬ್ಬಸದ ಸಂಭವ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿಯೇ ತಿಳಿಸಿದೆ. 2021ರಲ್ಲಿ ನಮ್ಮನ್ನು ಭಯಪಡಿಸಿದ 'ಕಪ್ಪು ಶಿಲೀಂಧ್ರ' ರೋಗವೇ ಬೇರೆ. ಗೋಡೆಯ ಕಪ್ಪು ಕಲೆಯನ್ನು ಕಂಡು ಅದೆಂದು ಗಾಬರಿಪಡಬೇಕಿಲ್ಲ. ಆದರೆ ರೋಗನಿರೋಧಕ ಶಕ್ತಿ ಕುಂದಿದವರು ಬೂಷ್ಟಿನ ಕೋಣೆಯಲ್ಲಿ ಮಲಗಬಾರದು.

ಬಣ್ಣ ಬಳಿದು ಸುಮ್ಮನಾಗುವುದು ಎಷ್ಟು ಅಪಾಯಕರವೆಂಬುದನ್ನು ಇಂಗ್ಲೆಂಡ್ ಒಂದು ಮಗುವಿನ ಸಾವಿನಿಂದ ಅರಿಯಿತು. ರಾಚ್‌ಡೇಲ್ ಪಟ್ಟಣದ ಬಾಡಿಗೆ ಮನೆಯೊಂದರ ತಂದೆ 2017ರಲ್ಲಿ ಬೂಷ್ಟಿನ ಬಗ್ಗೆ ದೂರಿದಾಗ, ಮೇಲೆ ಬಣ್ಣ ಬಳಿಯಿರೆಂಬ ಉತ್ತರ ಬಂದಿತ್ತು. 2020ರ ಡಿಸೆಂಬರ್‌ನಲ್ಲಿ ಅವರ 2 ವರ್ಷದ ಮಗು ತೀರಿಕೊಂಡಿತು. ದೀರ್ಘಕಾಲ ಬೂಷ್ಟಿನ ನಡುವೆ ಉಸಿರಾಡಿದ್ದರಿಂದ ಉಂಟಾದ ಶ್ವಾಸಕೋಶದ ತೊಂದರೆಯೇ ಕಾರಣವೆಂದು 2022ರ ವಿಚಾರಣೆ ನಿರ್ಣಯಿಸಿತು.

ಆದ್ದರಿಂದ ಮೊದಲು ಹುಡುಕಬೇಕಾದುದು ನೀರಿನ ದಾರಿಯನ್ನು. ಒಡೆದ ಹೆಂಚು, ತಾರಸಿಯ ಬಿರುಕು, ಸ್ನಾನದ ಮನೆಯ ಸೋರುವ ಕೊಳವೆ, ಕಟ್ಟಿಕೊಂಡ ಮಳೆನೀರಿನ ಪೈಪು ಇವುಗಳಲ್ಲಿ ಯಾವುದೋ ಒಂದು ಇದ್ದೇ ಇರುತ್ತದೆ. ನಮ್ಮ ಹಳೆಯ ಬಡಾವಣೆಗಳ ಸುಣ್ಣಗಾರೆಯ ಗೋಡೆಗಳಿಗೆ ತೇವವನ್ನು ಹೊರಬಿಡುವ ಗುಣವಿದೆ; ಸಿಮೆಂಟು ಮೆತ್ತಿ ಪ್ಲಾಸ್ಟಿಕ್ ಬಣ್ಣ ಹಚ್ಚಿದರೆ ಆ ತೇವ ಒಳಗೇ ಉಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿದಾಗ ನಂಜನಗೂಡಿನ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗಿದ್ದನ್ನು ಭಕ್ತರು ಬಲ್ಲರು. ಹಾಗೆ ನೆನೆದ ಇಟ್ಟಿಗೆ ಗೋಡೆ ಒಳಗಿನಿಂದ ಒಣಗಲು ತಿಂಗಳುಗಳೇ ಹಿಡಿಯಬಹುದು.

ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಕೂಡದು. ಬೀಜಕಗಳು ಮನೆಯೆಲ್ಲ ಹರಡುತ್ತವೆ. ಮಕ್ಕಳನ್ನೂ ಉಬ್ಬಸದವರನ್ನೂ ಹೊರಗಿರಿಸಿ, ಮುಖಗವಸು, ಕೈಗವಸು ಧರಿಸಿ, ಕಿಟಕಿ ತೆರೆದು ಸೋಪಿನ ನೀರಿನಿಂದ ಉಜ್ಜಿ, ಪೂರ್ತಿ ಒಣಗಿಸಬೇಕು. ಬ್ಲೀಚಿಂಗ್ ಪುಡಿಯೊಡನೆ ಆ್ಯಸಿಡ್ ಬೆರೆಸಿದರೆ ವಿಷಾನಿಲ ಹೊಮ್ಮುತ್ತದೆ. ಬೂಷ್ಟು ಹಿಡಿದ ಹತ್ತಿಯ ಹಾಸಿಗೆಯನ್ನು ಎಷ್ಟೇ ಮಮತೆಯಿದ್ದರೂ ಎಸೆಯುವುದೇ ಲೇಸು.

ಊರಿಗೆ ಹೋದಾಗ ಕಡಿಮೆಯಾಗಿ, ಮನೆಗೆ ಮರಳಿದೊಡನೆ ಮರುಕಳಿಸುವ ಕೆಮ್ಮಿನ ಬಗ್ಗೆ ವೈದ್ಯರನ್ನು ಕಾಣಬೇಕು. ಅವರು ಕೇಳದಿದ್ದರೂ ಮನೆಯ ಗೋಡೆಯ ಸ್ಥಿತಿಯನ್ನು ನಾವೇ ತಿಳಿಸಬೇಕು.