ಕಾಮಿಯಾಮಾ: ಬೆಟ್ಟದೂರಿಗೆ ಬಂದ ಆಫೀಸು

ಕಾಮಿಯಾಮಾ ಜಪಾನಿನ ಶಿಕೊಕು ದ್ವೀಪದಲ್ಲಿ, ಟೊಕುಶಿಮಾ ಪ್ರಾಂತ್ಯದ ಬೆಟ್ಟಗಳ ನಡುವೆ ಇರುವ ಪುಟ್ಟ ಊರು. 1955ರಲ್ಲಿ ಇಲ್ಲಿ ಸುಮಾರು 21 ಸಾವಿರ ಜನರಿದ್ದರು. ಈಗ ಇರುವವರು 5 ಸಾವಿರದ ಆಸುಪಾಸು. ಯುವಜನ ನಗರ ಸೇರುತ್ತ ಹೋದ ಹಾಗೆ ಮನೆಗಳಿಗೆ ಬೀಗ ಬಿತ್ತು.

ಊರಿನ ದಿಕ್ಕು ಬದಲಿಸಿದ್ದು ಎರಡು ಸಂಗತಿ. 1999ರಿಂದ ಹೊರದೇಶದ ಕಲಾವಿದರನ್ನು ಕರೆಸಿ ಉಳಿಸಿಕೊಳ್ಳುತ್ತ ಬಂದದ್ದರಿಂದ ಹೊಸಬರ ಒಡನಾಟ ಊರಿಗೆ ರೂಢಿಯಾಯಿತು. 2000ರ ದಶಕದಲ್ಲಿ ವೇಗದ ಇಂಟರ್ನೆಟ್ ಕೊಡುವ ಆಪ್ಟಿಕಲ್ ಫೈಬರ್ ಜಾಲ ಬಂತು. 2010ರಲ್ಲಿ ಟೋಕಿಯೊದ ಸ್ಯಾನ್‌ಸ್ಯಾನ್ ಕಂಪನಿ ಹಳೆಯ ಮನೆಯೊಂದರಲ್ಲಿ ಕಚೇರಿ ತೆರೆಯಿತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಗ್ರೀನ್ ವ್ಯಾಲಿ ಎಂಬ ಸ್ಥಳೀಯ ಸಂಸ್ಥೆ ಊರಿಗೆ ಬೇಕಾದ ಕಸುಬಿನವರನ್ನು ಹುಡುಕಿ, ಖಾಲಿ ಮನೆಗಳಲ್ಲಿ ನೆಲೆಗೊಳಿಸಿತು.

ತೊಡಕುಗಳೂ ಇವೆ. ಊರಿಗೆ ರೈಲಿಲ್ಲ, ಬಸ್ಸು ವಿರಳ; ಕಾರಿಲ್ಲದೆ ದಿನ ಸಾಗದು.

ಇಂಥ ಊರಿನಲ್ಲಿ ಕೂತು ವಿದೇಶಿ ಕಂಪನಿಗೆ ದುಡಿಯುತ್ತಲೇ ಜಪಾನಿನಲ್ಲಿ ಇರಬಯಸುವವರಿಗೆ 2024ರ ಮಾರ್ಚ್ ಕೊನೆಯಿಂದ ಡಿಜಿಟಲ್ ನೋಮ್ಯಾಡ್ ವೀಸಾ ಇದೆ. ವಾರ್ಷಿಕ ಆದಾಯ ಕನಿಷ್ಠ 1 ಕೋಟಿ ಯೆನ್ ಇರಬೇಕು, ಆರೋಗ್ಯ ವಿಮೆಯೂ ಬೇಕು. ಅವಧಿ ಗರಿಷ್ಠ 6 ತಿಂಗಳು. ಆದರೆ ಅರ್ಹ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಭಾರತೀಯರಿಗೆ ಜಪಾನಿನ ಕಂಪನಿಯಲ್ಲಿ ಕೆಲಸ ಹಿಡಿದು, ಉದ್ಯೋಗ ವೀಸಾ ಪಡೆಯುವುದೇ ಮುಖ್ಯ ದಾರಿ.