ಮನೆಯ ದುರಸ್ತಿಗೆ ಮನೆಯವರ ಕೈ

ಮನೆಯೊಂದನ್ನು ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನದಿಂದಲೇ ಅದರ ದುರಸ್ತಿಯೂ ಆರಂಭವಾಗುತ್ತದೆ. ಬಾಗಿಲು ಬಿಗಿಯುತ್ತದೆ, ಗೋಡೆ ಬೆವರುತ್ತದೆ, ನಲ್ಲಿ ಸೋರುತ್ತದೆ. ಇವುಗಳಲ್ಲಿ ಯಾವುದೂ ದೊಡ್ಡ ಕೆಲಸವಲ್ಲ. ಆದರೆ ಸಣ್ಣ ಕೆಲಸವೆಂಬ ಕಾರಣಕ್ಕಾಗಿಯೇ ಕರೆದರೆ ಯಾರೂ ಬರುವುದಿಲ್ಲ. ಬರುವವರನ್ನು ಕಾಯುತ್ತ ನಾವೂ ಸುಮ್ಮನಿರುತ್ತೇವೆ.

ಧಾರವಾಡದ ನಮ್ಮ ಮನೆಯ ಬಚ್ಚಲಿನ ನಲ್ಲಿ (ನಮ್ಮ ಕಡೆಯವರ ಮಾತಿನಲ್ಲಿ ನಳ) ಹೀಗೆಯೇ ಐದು ತಿಂಗಳ ಕಾಲ ಸೋರುತ್ತಿತ್ತು. ಮಲಪ್ರಭೆಯ ನೀರು ಊರಿಗೆ ಕೆಲವು ದಿನಗಳಿಗೊಮ್ಮೆ ಮಾತ್ರ ಬರುತ್ತಿದ್ದ ವರ್ಷಗಳವು. ನೀರು ಬಂದ ದಿನ ಕೊಡ, ಹಂಡೆ, ಬಕೀಟುಗಳನ್ನೆಲ್ಲ ತುಂಬಿಟ್ಟುಕೊಳ್ಳುತ್ತಿದ್ದ ನಾವು, ಮೇಲಿನ ತೊಟ್ಟಿಯ ನೀರು ಹನಿಹನಿಯಾಗಿ ಬಚ್ಚಲಿಗೆ ಹರಿಯುವುದನ್ನು ಕೇಳಿಯೂ ಕೇಳದವರಂತೆ ಮಲಗುತ್ತಿದ್ದೆವು. ಒಂದು ದಿನ ನಮ್ಮ ಮನೆಯವರು ನಲ್ಲಿಯ ಕೆಳಗೆ ಲೋಟವೊಂದನ್ನಿಟ್ಟು ಗಡಿಯಾರ ನೋಡಿದರು. ಇನ್ನೂರು ಮಿಲಿ ಲೀಟರಿನ ಲೋಟ ತುಂಬಲು 20 ನಿಮಿಷ ಹಿಡಿಯಿತು. ಗಣಿತದ ಮಾಸ್ತರನಾಗಿದ್ದ ನನಗೆ ಮುಂದಿನ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನಕ್ಕೆ ಹದಿನಾಲ್ಕು ಲೀಟರಿಗಿಂತ ಹೆಚ್ಚು, ತಿಂಗಳಿಗೆ 430 ಲೀಟರು, ಐದು ತಿಂಗಳಿಗೆ ಎರಡು ಸಾವಿರ ಲೀಟರನ್ನೂ ಮೀರಿದ ನೀರು. ಅದಕ್ಕೆ ಕಾರಣವಾಗಿದ್ದುದು ಸವೆದುಹೋದ ಒಂದು ರಬ್ಬರಿನ ವಾಷರ್. ಅಂಗಡಿಯಲ್ಲಿ ಅದನ್ನು ಕೊಂಡಾಗ ಚಿಲ್ಲರೆ ಮರಳಿ ಕೊಡಲು ಅಂಗಡಿಯಾತ ಬೇಸರಪಟ್ಟುಕೊಂಡ, ಅಷ್ಟು ಕಡಿಮೆ ಅದರ ಬೆಲೆ.

ಹಳೆಯ ಮಾದರಿಯ ನಲ್ಲಿಯಲ್ಲಿ ವಾಷರ್ ಬದಲಾಯಿಸುವುದನ್ನು ಹತ್ತನೆಯ ತರಗತಿಯ ಹುಡುಗ, ಹುಡುಗಿ ಯಾರು ಬೇಕಾದರೂ ಕಲಿಯಬಹುದು. ಮೊದಲು ತೊಟ್ಟಿಯಿಂದ ಬರುವ ಕೊಳವೆಯ ಗೇಟ್ ವಾಲ್ವನ್ನು ಮುಚ್ಚಬೇಕು. ನಲ್ಲಿಯನ್ನು ಪೂರ್ತಿ ತೆರೆದು ಕೊಳವೆಯಲ್ಲಿ ಉಳಿದ ನೀರನ್ನು ಹೊರಬಿಡಬೇಕು. ಬಚ್ಚಲಿನ ತೂತಿಗೆ ಬಟ್ಟೆಯೊಂದನ್ನು ತುರುಕಿಟ್ಟರೆ ಸಣ್ಣ ತಿರುಪುಗಳು ಮೋರಿ ಸೇರುವುದಿಲ್ಲ. ಇದನ್ನು ನಾನು ಒಂದು ತಿರುಪನ್ನು ಕಳೆದುಕೊಂಡ ಮೇಲೆ ಕಲಿತೆ. ಅನಂತರ ನಲ್ಲಿಯ ಬುಡವನ್ನು ಒಂದು ಕೈಯಿಂದ ಬಿಗಿಯಾಗಿ ಹಿಡಿದು, ಮೇಲಿನ ಭಾಗವನ್ನು ಪಾನಾದಿಂದ ಎಡಕ್ಕೆ ತಿರುಗಿಸಿ ಬಿಚ್ಚಬೇಕು. ಬುಡವನ್ನು ಹಿಡಿಯದಿದ್ದರೆ ಗೋಡೆಯೊಳಗಿನ ಕೊಳವೆಯೇ ತಿರುಗಿ, ಸಣ್ಣ ಕೆಲಸ ಗೋಡೆ ಒಡೆಯುವ ಕೆಲಸವಾದೀತು. ಒಳಗೆ ದಂಡಿನ ತುದಿಯಲ್ಲಿರುವ ಹಳೆಯ ವಾಷರನ್ನು ತೆಗೆದು ಅದೇ ಅಳತೆಯ ಹೊಸದನ್ನು ಕೂರಿಸಿ ಮೊದಲಿನಂತೆ ಜೋಡಿಸಿದರೆ ಮುಗಿಯಿತು. ವಾಷರ್ ಹಾಕಿದ ಕೆಲವೇ ದಿನಗಳಲ್ಲಿ ಮತ್ತೆ ಸೋರಿದರೆ ಅದು ಕುಳಿತುಕೊಳ್ಳುವ ಲೋಹದ ಅಂಚೇ ಸವೆದಿದೆಯೆಂದು ತಿಳಿಯಬೇಕು. ಆಗ ನಲ್ಲಿಯನ್ನೇ ಬದಲಾಯಿಸುವುದು ಲೇಸು. ಕಾಲು ಸುತ್ತಿಗೇ ತೆರೆದುಕೊಳ್ಳುವ ಈಗಿನ ನಲ್ಲಿಗಳಲ್ಲಿ ರಬ್ಬರಿನ ವಾಷರಿನ ಬದಲು ಪಿಂಗಾಣಿಯ ಬಿಲ್ಲೆಗಳಿರುವ ಒಳಭಾಗ ಇರುತ್ತದೆ. ಅದನ್ನು ಇಡಿಯಾಗಿ ಬದಲಾಯಿಸಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಕ್ಷೇಮ, ಏಕೆಂದರೆ ಒಂದು ಕಂಪನಿಯದು ಇನ್ನೊಂದಕ್ಕೆ ಹೊಂದುವುದು ಅಪರೂಪ.

ಇಷ್ಟು ಸುಲಭವಾದುದನ್ನು ಐದು ತಿಂಗಳು ಏಕೆ ಮಾಡಲಿಲ್ಲ? ನಿಜ ಹೇಳಬೇಕೆಂದರೆ ಸಂಕೋಚ. ಕಾಯಕದ ಮಹಿಮೆಯನ್ನು ವೇದಿಕೆಯ ಮೇಲೆ ಗಂಟೆಗಟ್ಟಲೆ ವಿವರಿಸುವ ನಮ್ಮಂಥವರಿಗೆ ಪಾನಾ ಹಿಡಿದು ಬಚ್ಚಲಲ್ಲಿ ಕುಳಿತುಕೊಳ್ಳುವುದೆಂದರೆ ಅದೇಕೋ ಮುಜುಗರ. ನಮ್ಮ ತಂದೆಯವರಿಗೆ ಈ ಮುಜುಗರ ಇರಲಿಲ್ಲ. ಅವರು ಪ್ರತಿವರ್ಷ ದೀಪಾವಳಿಗೆ ಮುಂಚೆ ಮನೆಗೆ ತಾವೇ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಕೆಲಸವನ್ನು ನಾನು ಕಲಿತದ್ದೂ ಅವರಿಂದಲೇ, ಆದರೆ ಅರ್ಧಂಬರ್ಧ. ಆ ಅರೆಕಲಿಕೆಯ ಕಥೆಯನ್ನು ಇಲ್ಲಿ ಹೇಳಲೇಬೇಕು.

1987ರ ದೀಪಾವಳಿಗೆ ಇನ್ನು ನಾಲ್ಕು ದಿನಗಳಿದ್ದವು. ತಂದೆಯವರು ತೀರಿಕೊಂಡ ಮೇಲೆ ಬಂದ ಮೊದಲ ದೀಪಾವಳಿ ಅದು. ಎಣ್ಣೆಯ ಹಳೆಯ ಡಬ್ಬಿಯಲ್ಲಿ ಸುಟ್ಟ ಸುಣ್ಣದ ಹೆಂಟೆಗಳನ್ನು ತುಂಬಿ ಮೇಲಿನಿಂದ ಒಂದು ತಂಬಿಗೆ ನೀರು ಸುರಿದೆ. ತಂದೆಯವರು ಇದಕ್ಕೆ ತಿರುಗಾಮುರುಗಾ ಮಾಡುತ್ತಿದ್ದರು. ಅಗಲವಾದ ಪಾತ್ರೆಯಲ್ಲಿ ಮೊದಲು ನೀರು, ಆಮೇಲೆ ಅದಕ್ಕೆ ಒಂದೊಂದೇ ಹೆಂಟೆ. ನಾನು ಅವರ ಕೈಯನ್ನು ನೋಡಿದ್ದೆನೇ ಹೊರತು ಕ್ರಮವನ್ನು ಗಮನಿಸಿರಲಿಲ್ಲ. ಸುಟ್ಟ ಸುಣ್ಣಕ್ಕೆ ನೀರು ತಗುಲಿದಾಗ ವಿಪರೀತ ಶಾಖ ಹುಟ್ಟುತ್ತದೆ. ಹೆಂಟೆಗಳ ನಡುವೆ ಸಿಕ್ಕ ಸ್ವಲ್ಪ ನೀರು ಕುದಿದು ಸಿಡಿಯುತ್ತದೆ. ಬಗ್ಗಿ ನೋಡುತ್ತಿದ್ದ ನನ್ನ ಬಲಗಣ್ಣಿಗೆ ಆ ಸಿಡಿತ ಬಡಿಯಿತು.

ನನ್ನ ಕೂಗನ್ನು ಕೇಳಿ ತಾಯಿಯವರು ತುಪ್ಪದ ಗಿಂಡಿಯನ್ನು ಹಿಡಿದುಕೊಂಡು ಓಡಿಬಂದರು. ನೆರೆಮನೆಯಲ್ಲಿ ನರ್ಸ್ ಆಗಿದ್ದ ತಾಯಿಯೊಬ್ಬರಿದ್ದರು. ಅವರು ಗೋಡೆಯ ಆಚೆಯಿಂದಲೇ, "ತುಪ್ಪ ಬ್ಯಾಡ್ರೀ ಅವ್ವಾರ, ಬರೇ ನೀರು ಹಾಕ್ರಿ, ನೀರು!" ಎಂದು ಕೂಗುತ್ತ ಬಂದರು. ನನ್ನನ್ನು ನೆಲದ ಮೇಲೆ ಮಲಗಿಸಿ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು, ಅರ್ಧ ಗಂಟೆಗೂ ಹೆಚ್ಚು ಹೊತ್ತು ತಂಬಿಗೆಯ ಮೇಲೆ ತಂಬಿಗೆ ನೀರು ಸುರಿದರು. ಒದ್ದೆ ಬಟ್ಟೆಯ ತುದಿಯಿಂದ ಸುಣ್ಣದ ಕಣವೊಂದನ್ನು ತೆಗೆದರು. ಅನಂತರವೇ ಆಸ್ಪತ್ರೆಗೆ ಹೋದುದು. "ಮೊದಲು ನೀರು ಹಾಕಿದ್ದರಿಂದ ಕಣ್ಣು ಉಳಿಯಿತು" ಎಂದು ವೈದ್ಯರು ಹೇಳಿದರು. ಸುಣ್ಣವು ಕ್ಷಾರ. ಅದು ಕಣ್ಣಿನ ಮೇಲ್ಪದರದಲ್ಲಿ ನಿಲ್ಲದೆ ಒಳಕ್ಕೆ ಇಳಿಯುತ್ತ ಹೋಗುವುದರಿಂದ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಎಣ್ಣೆ, ತುಪ್ಪ, ಹಾಲು ಯಾವುದನ್ನೂ ಹಾಕಬಾರದು. ಶುದ್ಧ ನೀರನ್ನು ನಿಲ್ಲಿಸದೆ ಹರಿಸಿ, ಬಳಿಕ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಎಲೆ ಅಡಿಕೆಗೆಂದು ಮನೆಯಲ್ಲಿಡುವ ಸುಣ್ಣದ ಪೊಟ್ಟಣವನ್ನು ಮಕ್ಕಳು ಹಿಚುಕಿ ಆಡುವಾಗಲೂ ಇದೇ ಅಪಘಾತವಾಗುತ್ತದೆ. ಅಜ್ಜ ಅಜ್ಜಿಯರಿರುವ ಮನೆಗಳವರು ಇದನ್ನು ಮರೆಯಬಾರದು.

ಇಷ್ಟಾದರೂ ನಾನು ಸುಣ್ಣದ ಕೆಲಸವನ್ನು ಬಿಡಲಿಲ್ಲ. ಮಣ್ಣಿನ ಗೋಡೆಯ ಹಳೆಯ ಮನೆಗಳಿಗೆ ಸುಣ್ಣದಷ್ಟು ಹೊಂದುವ ಬಣ್ಣ ಇನ್ನೊಂದಿಲ್ಲವೆಂದು ಈಗಲೂ ನಂಬಿದ್ದೇನೆ. ಗೋಡೆಯ ತೇವವನ್ನು ಅದು ಹೊರಗೆ ಬಿಡುತ್ತದೆ. ಅಂಥ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದವರ ಮನೆಯಲ್ಲಿ ತೇವ ಒಳಗೇ ಉಳಿದು, ಕೆಲವು ಮಳೆಗಾಲಗಳ ಬಳಿಕ ಗಿಲಾವು ಹೊಪ್ಪಳಿಕೆಯಾಗಿ ಏಳುವುದನ್ನು ಕಂಡಿದ್ದೇನೆ. ಅರಳಿದ ಸುಣ್ಣವನ್ನು ಒಂದೆರಡು ದಿನ ನೀರಿನಲ್ಲಿಯೇ ಬಿಟ್ಟು, ತೆಳುವಾದ ಬಟ್ಟೆಯಲ್ಲಿ ಸೋಸಿ, ಅಂಟು ಹಿಡಿಯಲೆಂದು ಗೋಂದನ್ನೋ ಅಕ್ಕಿಯ ಗಂಜಿಯನ್ನೋ ಬೆರೆಸಿ, ಬೆಳ್ಳಗೆ ಕಾಣಲೆಂದು ಚಿಟಿಕೆ ನೀಲಿ ಹಾಕಬೇಕು. ಗೋಡೆಯನ್ನು ಗುಡಿಸಿ, ನೀರು ಚಿಮುಕಿಸಿ, ಹಾಲಿನಂತೆ ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ಬಳಿಯುವಾಗ ಮಾಸಲಾಗಿ ಕಾಣುವ ಸುಣ್ಣ ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದು ಮತ್ತೆ ಕಲ್ಲಿನ ಗುಣವನ್ನು ಪಡೆಯುತ್ತದೆ. ಡಿಸ್ಟೆಂಪರ್ ಅಥವಾ ಎಣ್ಣೆಬಣ್ಣ ಬಳಿದ ಗೋಡೆಯ ಮೇಲೆ ಮಾತ್ರ ಸುಣ್ಣ ನಿಲ್ಲುವುದಿಲ್ಲ. ಕೈಗವಸು, ಕನ್ನಡಕಗಳಿಲ್ಲದೆ ನಮ್ಮ ಮನೆಯಲ್ಲಿ ಯಾರೂ ಸುಣ್ಣದ ಪಾತ್ರೆಯ ಬಳಿಗೆ ಹೋಗಕೂಡದೆಂಬುದು 1987ರಿಂದ ಜಾರಿಯಲ್ಲಿರುವ ಕಾನೂನು.

ಕಾನೂನಿನ ಮಾತು ಬಂದುದರಿಂದ ವಿದ್ಯುತ್ತಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮನೆಯವರು ಏನು ಮಾಡಬಹುದು, ಏನು ಮಾಡಕೂಡದು ಎಂಬ ಗೆರೆಯನ್ನು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳೇ ಎಳೆದಿದ್ದವು. ದೀಪ, ಫ್ಯಾನು, ಫ್ಯೂಜು, ಸ್ವಿಚ್ಚುಗಳನ್ನು ಇದ್ದ ಸಾಮರ್ಥ್ಯಕ್ಕೆ ತಕ್ಕಂತೆ ಬದಲಾಯಿಸುವುದನ್ನು ಬಿಟ್ಟರೆ ಉಳಿದ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಬೇಕೆಂದು ಅವುಗಳ 45ನೆಯ ನಿಯಮ ಹೇಳುತ್ತಿತ್ತು. ಬಳಿಕ ಅವುಗಳ ಸ್ಥಾನದಲ್ಲಿ ಬಂದ ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರದ ವಿನಿಯಮಗಳಲ್ಲಿಯೂ ಇದೇ ತತ್ತ್ವ ಉಳಿದಿದೆ. ಈ ಗೆರೆ ಬಹಳ ವಿವೇಕದ್ದೆಂದು ನನಗೆ ತೋರುತ್ತದೆ. ಸ್ವಿಚ್ಚು ಬದಲಾಯಿಸುವಾಗ ಮೇನ್ ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿ, ಒಣ ಕೈ, ಒಣ ಚಪ್ಪಲಿಗಳಲ್ಲಿ ಕೆಲಸ ಮಾಡಬೇಕು. ಆ ಟೆಸ್ಟರನ್ನೂ ಮೊದಲು ವಿದ್ಯುತ್ತು ಹರಿಯುತ್ತಿರುವ ಕಡೆ ಒತ್ತಿ, ಉರಿಯುವುದೇ ಎಂದು ನೋಡಿಕೊಳ್ಳಬೇಕು. ಫ್ಯೂಜು ಮೇಲಿಂದ ಮೇಲೆ ಹೋಗುತ್ತದೆಯೆಂದು ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿಯನ್ನು ಸುತ್ತುವವರು ಈಗಲೂ ಇದ್ದಾರೆ. ಅಂಥ ಮನೆಯಲ್ಲಿ ಮುಂದೆ ಸುಡುವುದು ಫ್ಯೂಜಲ್ಲ, ಗೋಡೆಯೊಳಗಿನ ವೈರು. ಹಳೆಯ ಮನೆಯವರು ವೈರ್‌ಮನ್ ಬಂದಾಗ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನು ಹಾಕಿಸಿಕೊಳ್ಳುವುದು ಒಳ್ಳೆಯದು. ಮೈಗೆ ವಿದ್ಯುತ್ತು ತಾಗಿ ನೆಲಕ್ಕೆ ಹರಿಯತೊಡಗಿದ ಕೂಡಲೇ ಅದು ಸಂಪರ್ಕವನ್ನು ಕಡಿದುಹಾಕುತ್ತದೆ. ಅಡುಗೆ ಅನಿಲದ ವಾಸನೆ ಬಂದಾಗಲಂತೂ ಸ್ವಿಚ್ಚನ್ನು ಒತ್ತಲೂಬಾರದು, ಆರಿಸಲೂಬಾರದು. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ದೂರವಾಣಿ ಮಾಡಬೇಕು.

ಬಾಗಿಲಿನ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಕಟ್ಟಿಗೆ ತೇವ ಹೀರಿ ಉಬ್ಬಿ ಬಾಗಿಲು ಬಿಗಿಯುತ್ತದೆ. ಆಗ ಸಿಟ್ಟಿನಿಂದ ಉಜ್ಜುಗೊರಡು ಹಿಡಿದರೆ ಬೇಸಿಗೆಯಲ್ಲಿ ಹಲ್ಲಿಗಳು ಧಾರಾಳವಾಗಿ ಓಡಾಡುವಷ್ಟು ಸಂದು ಬಿಡುತ್ತದೆ. ಮೇಣದಬತ್ತಿಯನ್ನೋ ಒಣ ಸೋಪನ್ನೋ ಅಂಚಿಗೆ ಉಜ್ಜಿ ಆ ಮಳೆಗಾಲವನ್ನು ಕಳೆಯಿರಿ. ಬೇಸಿಗೆಯಲ್ಲಿಯೂ ಬಿಗಿಯಾಗಿಯೇ ಇದ್ದರೆ ಮಾತ್ರ ತುಸು ಕೊರೆಯಿರಿ.

ಮಾಳಿಗೆಯ ಸೋರಿಕೆಗೆ ಸಾವಿರಾರು ರೂಪಾಯಿಗಳ ಲೇಪನ ಮಾಡಿಸುವ ಮೊದಲು ಮೇ ತಿಂಗಳಲ್ಲಿ ಒಮ್ಮೆ ಮೇಲೆ ಹತ್ತಿ ನೋಡಬೇಕು. ನೀರು ಹೋಗುವ ತೂತುಗಳಲ್ಲಿ ಎಲೆ, ಕಸ, ಮಕ್ಕಳ ಚೆಂಡು ಸಿಕ್ಕಿಕೊಂಡು ನೀರು ನಿಂತಿರುವುದೇ ಎಷ್ಟೋ ಮನೆಗಳಲ್ಲಿ ಸೋರಿಕೆಗೆ ಮೂಲ. ಪಕ್ಷಿಗಳು ತಂದು ಹಾಕಿದ ಬೀಜದಿಂದ ಗೋಡೆಯ ಸಂದಿನಲ್ಲಿ ಅರಳಿಯ, ಆಲದ ಸಸಿಗಳು ಹುಟ್ಟಿರುತ್ತವೆ. ಬೆರಳುದ್ದ ಇರುವಾಗ ಬೇರುಸಹಿತ ಸಲೀಸಾಗಿ ಬರುವ ಸಸಿ, ಮೂರು ವರ್ಷ ಬಿಟ್ಟರೆ ಗೋಡೆಯನ್ನೇ ಸೀಳುತ್ತದೆ. ಅರಳಿಯನ್ನು ಕೀಳಲು ಮನಸ್ಸಾಗದವರು ಅದನ್ನು ಹಸಿಯಾಗಿರುವಾಗಲೇ ತೆಗೆದು ಊರ ಹೊರಗೆ ನೆಡಬಹುದು. ನಾವು ನೆಟ್ಟ ಎರಡರಲ್ಲಿ ಒಂದು ಇಂದು ದೊಡ್ಡ ಮರವಾಗಿದೆ. ಇನ್ನು ಮಂಗಳೂರು ಹೆಂಚಿನ ಮಾಡಿನವರಿಗೆ ನನ್ನ ಬಿನ್ನಹ ಬೇರೆ. ಹೆಂಚೊಂದು ಒಡೆದಿದ್ದರೆ ಮೇಲಿನ ಸಾಲಿನ ಹೆಂಚನ್ನು ತುಸು ಎತ್ತಿ, ಒಡೆದುದನ್ನು ಜಾರಿಸಿ ತೆಗೆದು, ಹೊಸದನ್ನು ಕೂರಿಸಬಹುದು. ಕೈಗೆಟುಕುವ ಅಂಚಿನಲ್ಲಿದ್ದರೆ ಏಣಿಯ ಮೇಲೆ ನಿಂತು, ಕೆಳಗೆ ಒಬ್ಬರು ಏಣಿ ಹಿಡಿದಿರುವಾಗ ಈ ಕೆಲಸ ಮಾಡಿ. ಪಾಚಿಗಟ್ಟಿದ ಮಾಡಿನ ಮೇಲೆ ಹತ್ತುವುದು ಅನುಭವಸ್ಥರ ಕೆಲಸ. ಅವರು ಕೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ. ಅವರು ಹತ್ತುವುದೂ ಅದೇ ಜಾರುವ ಹೆಂಚಿನ ಮೇಲೆ.

ಹಿತ್ತಿಲಿನ ಕೆಲಸ ಇವೆಲ್ಲಕ್ಕಿಂತ ಹಗುರ, ಸಂತೋಷದ್ದೂ ಹೌದು. ಬಚ್ಚಲಿನ ನೀರನ್ನು ಒಂದು ಸಣ್ಣ ಕಾಲುವೆಯಿಂದ ತಿರುಗಿಸಿ ಬಾಳೆಯ ಬುಡಕ್ಕೆ, ಕೆಸುವಿನ ಪಾತಿಗೆ ಬಿಟ್ಟರೆ ಮೋರಿಯ ವಾಸನೆಯೂ ತಪ್ಪುತ್ತದೆ. ಕಾಯಿಪಲ್ಲೆಯ ಸಿಪ್ಪೆಯನ್ನು ಗುಂಡಿಗೆ ಹಾಕಿ ಪ್ರತಿಸಲವೂ ಮೇಲೆ ಒಣ ಎಲೆ ಮುಚ್ಚಿದರೆ ನೊಣವಾಗುವುದಿಲ್ಲ. ಎಲೆ ಮುಚ್ಚಲು ಸೋಮಾರಿತನ ಮಾಡಿದವರೇ ಗೊಬ್ಬರದ ಗುಂಡಿ ನಾರುತ್ತದೆಂದು ದೂರುವವರು. ನುಗ್ಗೆಯ ಮರ ಹತ್ತಬೇಡಿ, ಅದರ ಕೊಂಬೆ ಹೇಳದೆ ಕೇಳದೆ ಮುರಿಯುತ್ತದೆ. ಕೋಲಿಗೆ ಕೊಕ್ಕೆ ಕಟ್ಟಿಕೊಳ್ಳಿ.

ಹಿತ್ತಿಲಿನಲ್ಲಿಯೇ ಇರುವ ಇನ್ನೊಂದು ವಸ್ತುವಿನ ಬಗ್ಗೆ ಮಾತ್ರ ಕಟುವಾಗಿ ಹೇಳಬೇಕಾಗಿದೆ. ಮಲದ ಗುಂಡಿ ಕಟ್ಟಿಕೊಂಡಾಗ ಅದರ ಮುಚ್ಚಳ ತೆಗೆದು ಇಳಿಯುವುದಾಗಲಿ, ಹಣ ಕೊಟ್ಟು ಇನ್ನೊಬ್ಬರನ್ನು ಇಳಿಸುವುದಾಗಲಿ ಕೂಡದು. ಒಳಗಿನ ವಿಷಗಾಳಿ ಒಂದೆರಡು ಉಸಿರಿನಲ್ಲಿಯೇ ಪ್ರಜ್ಞೆ ತಪ್ಪಿಸುತ್ತದೆ; ಬಿದ್ದವನನ್ನು ಎತ್ತಲೆಂದು ಇಳಿದವನೂ ಅಲ್ಲಿಯೇ ಉಳಿಯುತ್ತಾನೆ. 2013ರ ಕಾಯಿದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಒಬ್ಬರನ್ನು ಹೀಗೆ ಇಳಿಸುವುದು ಅಪರಾಧ. ಹೀರುವ ಯಂತ್ರದ ವಾಹನವನ್ನು ಕರೆಸಬೇಕು. ತಾನು ಇಳಿಯಲಾರದಲ್ಲಿಗೆ ಇನ್ನೊಬ್ಬರ ಮಗನನ್ನು ಇಳಿಸಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಯಜಮಾನರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಿನ ಏನೂ ಆಗಲಿಲ್ಲವೆಂಬುದು ಅವರ ಅದೃಷ್ಟವೇ ಹೊರತು ಬುದ್ಧಿವಂತಿಕೆಯಲ್ಲ.

ನನಗೀಗ ಎಪ್ಪತ್ತು ದಾಟಿದೆ. ಏಣಿ ಹತ್ತುವುದನ್ನು ಮಕ್ಕಳು ನಿಲ್ಲಿಸಿದ್ದಾರೆ. ಹಿಡಿದುಕೊಳ್ಳುವ ಕೆಲಸ ಉಳಿದಿದೆ. ಕಳೆದ ಬೇಸಿಗೆಯ ರಜೆಗೆ ಬಂದಿದ್ದ ಮೊಮ್ಮಗಳಿಗೆ ನಲ್ಲಿಯ ವಾಷರ್ ಹಾಕುವುದನ್ನು ಕಲಿಸಲು ಕುಳಿತೆ. ಅವಳು ಬಚ್ಚಲಿನ ತೂತಿಗೆ ಬಟ್ಟೆ ತುರುಕಿ, ಪಾನಾ ಕೈಗೆತ್ತಿಕೊಂಡು, ನನ್ನ ಮುಖ ನೋಡಿ, "ಅಜ್ಜಾ, ಮ್ಯಾಲಿನ ಗೇಟ್ ವಾಲ್ವ್ ಬಂದ್ ಮಾಡೀಯೇನು?" ಎಂದು ಕೇಳಿದಳು. ಮಾಡಿರಲಿಲ್ಲ. ಮೊಣಕಾಲು ಹಿಡಿದುಕೊಂಡು ನಾನು ಮೆಟ್ಟಿಲು ಹತ್ತಿ ಹೋಗಿ ಮುಚ್ಚಿ ಬಂದೆ.